29 ವರ್ಷ ಕೌಂಟರ್‌ನಲ್ಲಿ ಕೂತವಳು ನಾನು, ಈಗ ಸ್ಕ್ರೀನ್ ನೋಡಿದರೆ ಎದೆ ಡವಡವ ಅನ್ನುತ್ತದೆ

ಕೌಂಟರ್_ಮೂರು

ಎಲ್ಲರಿಗೂ ನಮಸ್ಕಾರ. ಬಹಳ ದಿನದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ನಾನು ಸಾಗರದ ಕಡೆಯವಳು. ಸರ್ಕಾರಿ ಬ್ಯಾಂಕೊಂದರಲ್ಲಿ ಕ್ಲರ್ಕ್. 1996ರಲ್ಲಿ ಸೇರಿದೆ, ಈಗ ವಯಸ್ಸು 53. 2024ರಲ್ಲಿ ಬ್ಯಾಂಕ್ ಯೂನಿಯನ್‌ಗಳ ಜೊತೆ ಆದ ವೇತನ ಒಪ್ಪಂದದ ನಂತರ ನಮ್ಮ ಹುದ್ದೆಗೆ ‘ಕಸ್ಟಮರ್ ಸರ್ವಿಸ್ ಅಸೋಸಿಯೇಟ್’ ಅಂತ ಹೆಸರಾಗಿದೆ. ಊರಿನವರಿಗೆ ಮಾತ್ರ ನಾನು ಬ್ಯಾಂಕ್ ಮೇಡಂ.

ಈಚೆಗೆ ಬೆಳಿಗ್ಗೆ ಟಿಫಿನ್ ಬಾಕ್ಸ್ ಕಟ್ಟುವಾಗಲೇ ಹೊಟ್ಟೆಯಲ್ಲಿ ಕಲಸಿದ ಹಾಗೆ ಆಗುತ್ತದೆ. ಭಾನುವಾರ ಸಂಜೆ ಇನ್ನೂ ಜಾಸ್ತಿ. ಮನೆಯಲ್ಲಿ ಹೇಳಿದರೆ ‘ರಜೆ ಹಾಕು’ ಅನ್ನುತ್ತಾರೆ. ರಜೆ ಹಾಕುವುದಕ್ಕೂ ಈಗ ಒಂದು ಆ್ಯಪ್. ಹಾಜರಿಗೆ ಇನ್ನೊಂದು. ಸಾಲ ಬೇಕೆಂದು ಕೇಳಿದವರ ಹೆಸರು ಹಾಕಲು ಮತ್ತೊಂದು. ಒಂದೊಂದಕ್ಕೂ ಬೇರೆ ಪಾಸ್‌ವರ್ಡ್, ಒಂದೊಂದು ದಿನಕ್ಕೆ ಒಂದೊಂದು ಎಕ್ಸ್‌ಪೈರ್ ಆಗುತ್ತದೆ.

ಇಷ್ಟಾದರೂ ಹೇಗೋ ಹೋಗುತ್ತಿತ್ತು. ನಮ್ಮ ಮುಖ್ಯ ಸಾಫ್ಟ್‌ವೇರ್ ಹೊಸ ವರ್ಷನ್‌ಗೆ ಬದಲಾಯಿತು ನೋಡಿ, ಅಲ್ಲಿ ನನ್ನ ಧೈರ್ಯ ಹೋಯಿತು. ಹಳೆಯದರಲ್ಲಿ ಎಲ್ಲಕ್ಕೂ ಮೆನು ಕೋಡ್ ಇರುತ್ತಿತ್ತು. ಎಸಿಎಲ್‌ಐ ಅಂತ ಹೊಡೆದರೆ ಖಾತೆಯ ಲೆಡ್ಜರ್ ಬರುತ್ತಿತ್ತು. ನಾನು ಕೀಬೋರ್ಡ್ ನೋಡುತ್ತಲೇ ಇರಲಿಲ್ಲ. ಎದುರಿಗಿದ್ದವರ ಮುಖ ನೋಡಿ ‘ಮಗಳಿಗೆ ಹೆರಿಗೆ ಆಯ್ತಾ?’ ಅಂತ ಕೇಳುತ್ತಾ ಕೈ ತನ್ನಷ್ಟಕ್ಕೆ ಹೊಡೆಯುತ್ತಿತ್ತು. ಹೊಸದರಲ್ಲಿ ಅದೇ ಕೋಡಿನ ಮುಂದೆ ಒಂದು ಎಚ್ ಸೇರಿಸಬೇಕು. ಒಂದೇ ಅಕ್ಷರ, ಅಲ್ವಾ? ಆ ಒಂದು ಅಕ್ಷರಕ್ಕೆ ನನ್ನ ಕೈ ಹದಿನೈದು ದಿನ ತಡವರಿಸಿತು. ಎಂಟರ್ ಹೊಡೆಯುತ್ತಿದ್ದ ಕಡೆ ಈಗ ಮೌಸ್ ಹಿಡಿದು ಬಟನ್ ಹುಡುಕಬೇಕು. ಸಿಗದಿದ್ದರೆ ಎದ್ದು ಹೋಗಿ ಪಕ್ಕದ ಸೀಟಿನ ಹುಡುಗನನ್ನು ಕೇಳುತ್ತೇನೆ.

ಬದಲಾವಣೆಗೆ ಮುಂಚೆ ತರಬೇತಿ ಅಂತ ಒಂದು ವಿಡಿಯೋ ಲಿಂಕ್, ಒಂದು ಇಂಗ್ಲಿಷ್ ಪಿಡಿಎಫ್ ಬಂತು. ವಿಡಿಯೋ ನೋಡಿದ್ದು ಗಿರಾಕಿಗಳಿದ್ದಾಗಲೇ, ಕಿವಿಗೆ ಒಂದೇ ಇಯರ್‌ಫೋನ್ ಸಿಕ್ಕಿಸಿಕೊಂಡು. ಶುಕ್ರವಾರದವರೆಗೆ ಹಳೆಯದು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಹೊಸದು, ಎದುರಿಗೆ ನಲವತ್ತು ಜನ.

ಆ ವಾರವೇ ಒಬ್ಬ ಪಿಂಚಣಿದಾರರು, ನನ್ನನ್ನು ಇಪ್ಪತ್ತು ವರ್ಷದಿಂದ ಬಲ್ಲವರು, ‘ಏನಮ್ಮಾ, ನಿಮಗೇ ಗೊತ್ತಿಲ್ವಾ?’ ಅಂದರು. ಸಿಟ್ಟಿನಿಂದ ಅಲ್ಲ, ಆಶ್ಚರ್ಯದಿಂದ. ನನಗೆ ಕಣ್ಣು ತುಂಬಿ ಬಂತು. ಎದ್ದು ಒಳಗೆ ಹೋಗಿ ನೀರು ಕುಡಿದು ಬಂದೆ.

ನಿವೃತ್ತಿಗೆ ಇನ್ನೂ ಏಳು ವರ್ಷ ಇದೆ. ನಿಮ್ಮಲ್ಲಿ ಯಾರಿಗಾದರೂ ಹೀಗೆ ಆಗಿದೆಯಾ? ಹೇಗೆ ಸುಧಾರಿಸಿಕೊಂಡಿರಿ?

ಸ್ಟಾಫ್_ನರ್ಸ್_ಧಾರವಾಡ

ಅಕ್ಕ, ನಿಮ್ಮದನ್ನು ಓದಿ ನನ್ನ ಕಥೆಯನ್ನೇ ಓದಿದ ಹಾಗಾಯಿತು. ನಮ್ಮ ವಾರ್ಡಿಗೆ ಟ್ಯಾಬ್ ಬಂದು ಎಂಟು ತಿಂಗಳು. ಬಿಪಿ, ಟೆಂಪರೇಚರ್, ಕೊಟ್ಟ ಇಂಜೆಕ್ಷನ್ ಎಲ್ಲ ಅದರಲ್ಲೇ. ರಾತ್ರಿ ಡ್ಯೂಟಿಯಲ್ಲಿ ಪೇಷಂಟ್ ಕರೆಯುತ್ತಿರುತ್ತಾರೆ, ಇತ್ತ ಎಂಟ್ರಿ ಸೇವ್ ಆಗದೆ ಸುತ್ತುತ್ತಾ ಇರುತ್ತದೆ. ಯಾವುದನ್ನು ಮೊದಲು ನೋಡಲಿ? ನಾನಂತೂ ಮೊದಲು ಚೀಟಿಯಲ್ಲಿ ಬರೆದುಕೊಂಡು ಆಮೇಲೆ ಟ್ಯಾಬಿಗೆ ಹಾಕುತ್ತೇನೆ. ಎರಡು ಸಲ ಕೆಲಸ. ಮುಂದೆ ಬರೆಯುತ್ತಿರಿ, ಉತ್ತರಗಳಿಗೆ ನಾನೂ ಕಾಯುತ್ತೇನೆ.

ನೇರಮಾತು

ಬೇಜಾರು ಮಾಡಿಕೊಳ್ಳಬೇಡಿ, ಗಿರಾಕಿ ಕಡೆಯಿಂದ ಒಂದು ಮಾತು. ನಮ್ಮ ಅಮ್ಮನಿಗೆ 74. ಹೋದ ತಿಂಗಳು ಪಾಸ್‌ಬುಕ್ ಎಂಟ್ರಿ ಮಾಡಿಸಲು ಬ್ಯಾಂಕಿನಲ್ಲಿ ಮುಕ್ಕಾಲು ಗಂಟೆ ನಿಂತಿದ್ದಾರೆ. ಮಂಡಿ ನೋವು ಬೇರೆ. ಕೌಂಟರ್‌ನಲ್ಲಿದ್ದವರು ಮೂರು ಸಲ ಎದ್ದು ಹೋಗಿ ಯಾರನ್ನೋ ಕೇಳಿಕೊಂಡು ಬಂದರಂತೆ. ನಿಮ್ಮ ಕಷ್ಟ ನಿಜ ಇರಬಹುದು. ಆದರೆ ಸಂಬಳ ತೆಗೆದುಕೊಳ್ಳುವ ಕೆಲಸ ಕಲಿಯುವುದು ನಮ್ಮ ಜವಾಬ್ದಾರಿಯೇ. ತರಕಾರಿ ಮಾರುವ ಅಜ್ಜಿ ಕ್ಯೂಆರ್ ಕೋಡ್ ಇಟ್ಟುಕೊಂಡು ಯುಪಿಐ ಕಲಿತಿದ್ದಾರೆ. ಯುಪಿಐ ಬಂದಿದ್ದು 2016ರಲ್ಲಿ. ಅವರಿಗೆ ಯಾರೂ ತರಬೇತಿ ಕೊಡಲಿಲ್ಲ. ಆಗದಿದ್ದರೆ ವಿಆರ್‌ಎಸ್ (ಸ್ವಯಂ ನಿವೃತ್ತಿ) ತೆಗೆದುಕೊಳ್ಳುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಹಳೇಲೆಡ್ಜರ್

ನಾನು ಉಡುಪಿ ಕಡೆಯವನು. ವಯಸ್ಸು 71. 1977ರಲ್ಲಿ ಬ್ಯಾಂಕ್ ಸೇರಿ 2014ರಲ್ಲಿ ನಿವೃತ್ತನಾದೆ. ಸ್ವಲ್ಪ ಉದ್ದ ಬರೆಯುತ್ತೇನೆ.

ನಮ್ಮ ಕಾಲದಲ್ಲಿ ಒಂದೊಂದು ಲೆಡ್ಜರ್ ಎತ್ತಿಡಲು ಇಬ್ಬರು ಬೇಕಿತ್ತು. ಹಿತ್ತಾಳೆ ಟೋಕನ್ ಕೊಟ್ಟು ಗಿರಾಕಿಗಳನ್ನು ಕೂರಿಸುತ್ತಿದ್ದೆವು. ಬಡ್ಡಿ ಕೈಯಲ್ಲೇ ಹಾಕಬೇಕು. ಲೆಡ್ಜರ್ ಬ್ಯಾಲೆನ್ಸ್ ಟ್ಯಾಲಿ ಆಗದಿದ್ದರೆ ಮನೆಗೆ ಹೋಗುವ ಹಾಗಿಲ್ಲ. ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಯಾರೋ ಅಂಕಿ ಅದಲುಬದಲು ಬರೆದಿದ್ದಾರೆ ಅಂತ ಲೆಕ್ಕ, 54 ಇದ್ದದ್ದನ್ನು 45 ಅಂತ. ನನ್ನ ಹಿರಿಯರು ಹೇಳಿಕೊಟ್ಟಿದ್ದು. ಇವತ್ತಿಗೂ ಕಿರಾಣಿ ಅಂಗಡಿ ಬಿಲ್ಲು ಹೊಂದದಿದ್ದರೆ ಮೊದಲು ಒಂಬತ್ತರಿಂದ ಭಾಗಿಸಿ ನೋಡುತ್ತೇನೆ.

ಬ್ಯಾಂಕಿಗೆ ಕಂಪ್ಯೂಟರ್ ಬರುತ್ತದೆ ಎಂದಾಗ ನಮಗೂ ಭಯವೇ. ಕೆಲಸ ಹೋಗುತ್ತದೆ ಅಂತ ಯೂನಿಯನ್‌ಗಳು ಗಟ್ಟಿಯಾಗಿ ನಿಂತವು. 1983ರಲ್ಲಿ ಒಪ್ಪಂದ ಆಯಿತು, 1984ರಲ್ಲಿ ರಂಗರಾಜನ್ ಸಮಿತಿ ವರದಿ ಬಂತು. ಆಮೇಲೆ ನಮ್ಮ ಶಾಖೆಗೆ ಎಎಲ್‌ಪಿಎಂ ಅಂತ ಬಂತು. ಲೆಡ್ಜರ್ ಪೋಸ್ಟಿಂಗ್ ಮಾಡುವ ಮಿಷನ್. ಅದಕ್ಕೊಂದು ಎಸಿ ಕೋಣೆ. ಚಪ್ಪಲಿ ಹೊರಗೆ ಬಿಟ್ಟು ದೇವರ ಮನೆಗೆ ಹೋದ ಹಾಗೆ ಹೋಗುತ್ತಿದ್ದೆವು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಆ ಮಿಷನ್ ಬಂದ ಮೇಲೆ ತಿಂಗಳುಗಟ್ಟಲೆ ನಾವು ಎರಡನ್ನೂ ಜೊತೆಯಲ್ಲೇ ನಡೆಸಿದೆವು. ಪುಸ್ತಕದ ಲೆಡ್ಜರ್ ಒಂದು ಕಡೆ, ಮಿಷನ್ ಇನ್ನೊಂದು ಕಡೆ. ಸಂಜೆ ಎರಡನ್ನೂ ಹೋಲಿಸಿ ನೋಡುವುದು. ಕೆಲಸ ಡಬಲ್ ಆಯಿತು, ಗೊಣಗಿದೆವು. ಆದರೆ ಆ ತಿಂಗಳುಗಳಲ್ಲೇ ಭಯ ಹೋಯಿತು. ತಪ್ಪು ಮಾಡಿದರೂ ಪುಸ್ತಕದಲ್ಲಿ ಸರಿ ಇರುತ್ತಿತ್ತು. ಗಿರಾಕಿಗೆ ತಿಳಿಯುತ್ತಲೇ ಇರಲಿಲ್ಲ.

ಇವತ್ತಿನವರಿಗೆ ಆ ಅವಕಾಶ ಇಲ್ಲ. ಶುಕ್ರವಾರ ಹಳೆಯದು, ಸೋಮವಾರ ಹೊಸದು ಅಂತ ನೀವು ಬರೆದಿದ್ದೀರಲ್ಲ ತಂಗಿ, ತೊಂದರೆ ಇರುವುದು ಅಲ್ಲೇ. ನಮ್ಮ ಕರಾವಳಿಯಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರ ಏಪ್ರಿಲ್ 1ಕ್ಕೆ, ಕಾರ್ಪೊರೇಷನ್ ಮತ್ತು ಸಿಂಡಿಕೇಟ್ ಬ್ಯಾಂಕುಗಳು 2020ರ ಏಪ್ರಿಲ್ 1ಕ್ಕೆ ಬೇರೆ ಬ್ಯಾಂಕುಗಳಲ್ಲಿ ಸೇರಿದವು. ಬೋರ್ಡು ಬದಲಾಗಿದ್ದು ಊರಿಗೆಲ್ಲ ಕಂಡಿತು. ಒಳಗೆ ಕೂತವರು ಮತ್ತೆ ಮೊದಲಿನಿಂದ ಕೈ ಪಳಗಿಸಿಕೊಂಡಿದ್ದು ಯಾರಿಗೂ ಕಾಣಲಿಲ್ಲ.

‘ನೇರಮಾತು’ ಅವರೇ, ನಿಮ್ಮ ಅಮ್ಮನ ಮಂಡಿ ನೋವು ನನಗೆ ಅರ್ಥವಾಗುತ್ತದೆ, ನನ್ನದೂ ಅದೇ ವಯಸ್ಸು. ಆದರೆ ತರಕಾರಿ ಅಜ್ಜಿ ತಪ್ಪು ಮಾಡಿದರೆ ಹೋಗುವುದು ಅವರದೇ ಇಪ್ಪತ್ತು ರೂಪಾಯಿ. ಕೌಂಟರ್‌ನಲ್ಲಿ ಒಂದು ಸೊನ್ನೆ ಜಾಸ್ತಿ ಬಿದ್ದರೆ ಹೋಗುವುದು ಇನ್ನೊಬ್ಬರ ದುಡ್ಡು. ಅದನ್ನು ತುಂಬಿಕೊಡಬೇಕಾದವರು ಆ ಕ್ಲರ್ಕ್. ಆ ಹೆದರಿಕೆ ಇಟ್ಟುಕೊಂಡು ಕಲಿಯುವುದು ಬೇರೆ ಥರ.

ಪಿಒ_ರಾಯಚೂರು

ಅಕ್ಕ, ನೀವು ಹೋಗಿ ಕೇಳುತ್ತೀರಲ್ಲ, ‘ಪಕ್ಕದ ಸೀಟಿನ ಹುಡುಗ’, ಆ ಹುಡುಗ ನಾನೇ ಅಂದುಕೊಳ್ಳಿ. 27 ವಯಸ್ಸು, ಬೇರೊಂದು ಬ್ಯಾಂಕಿನಲ್ಲಿ ಆಫೀಸರ್. ನಮ್ಮ ಶಾಖೆಯಲ್ಲೂ ನಿಮ್ಮಂಥ ಇಬ್ಬರು ಹಿರಿಯರಿದ್ದಾರೆ.

ಒಂದು ಸತ್ಯ ಹೇಳುತ್ತೇನೆ. ನಮಗೂ ಗೊತ್ತಿರುವುದಿಲ್ಲ. ತಪ್ಪು ಬಟನ್ ಒತ್ತಿದರೆ ಏನಾದೀತು ಎಂಬ ಭಯ ನಮಗೆ ಕಮ್ಮಿ, ಅಷ್ಟೇ ವ್ಯತ್ಯಾಸ. ಒತ್ತಿ ನೋಡುತ್ತೇವೆ, ಎರರ್ ಬಂದರೆ ಹಿಂದೆ ಬರುತ್ತೇವೆ. ನನಗೆ ಭಯ ಬೇರೆ ಕಡೆ ಇದೆ. ನೀವು ಹಾಕಿದ್ದನ್ನು ಪಾಸ್ ಮಾಡುವವನು ನಾನು. ಸಹಿ ಹೊಂದುತ್ತದೋ ಇಲ್ಲವೋ ಅಂತ ಅನುಮಾನ ಬಂದರೆ ಆ ಹಿರಿಯರ ಹತ್ತಿರ ಓಡುತ್ತೇನೆ. ಅವರು ಒಂದು ಸಲ ನೋಡಿ ‘ಇದು ಅವರದಲ್ಲ, ಮಗ ಹಾಕಿರೋದು’ ಅನ್ನುತ್ತಾರೆ. ಕೇಳಿ ನೋಡಿದರೆ ಹಾಗೇ ಇರುತ್ತದೆ.

ಬದಲಾವಣೆಯ ವೇಗ ನಮಗೂ ಸುಸ್ತು ತರುತ್ತದೆ. 2025ರ ಅಕ್ಟೋಬರ್ 4ರಿಂದ ಚೆಕ್ ಕ್ಲಿಯರಿಂಗ್ ಬದಲಾಯಿತು. ಮೊದಲು ಚೆಕ್ಕುಗಳನ್ನು ಒಟ್ಟು ಹಾಕಿಕೊಂಡು ಬ್ಯಾಚ್‌ನಲ್ಲಿ ಕಳಿಸುತ್ತಿದ್ದೆವು. ಈಗ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಬಂದ ಹಾಗೇ ಸ್ಕ್ಯಾನ್ ಮಾಡಿ ಕಳಿಸುತ್ತಿರಬೇಕು. ಅದು ಕೈಗೆ ಹತ್ತುವ ಮುಂಚೆ ನವೆಂಬರ್ 1ರಿಂದ ನಾಮಿನಿ ನಿಯಮ ಬದಲಾಯಿತು. ಒಬ್ಬರ ಬದಲು ನಾಲ್ವರವರೆಗೆ ನಾಮಿನಿ ಹಾಕಬಹುದು. ಗಿರಾಕಿಗಳಿಗೆ ಒಳ್ಳೆಯದೇ. ಆದರೆ ನಮ್ಮ ಕೈಗೆ ಹೊಸ ಫಾರಂ, ಹೊಸ ಸ್ಕ್ರೀನ್.

ನಿಮಗೆ ಉಪಯೋಗ ಆಗಬಹುದಾದ ಮೂರು ಮಾತು ಹೇಳುತ್ತೇನೆ. ಮೊದಲನೆಯದು, ಎಷ್ಟೇ ಅವಸರ ಇದ್ದರೂ ನಿಮ್ಮ ಐಡಿ, ಪಾಸ್‌ವರ್ಡ್ ಯಾರಿಗೂ ಕೊಡಬೇಡಿ. ‘ನೀನೇ ಮಾಡಿಬಿಡಪ್ಪ’ ಅಂತ ಸೀಟು ಬಿಟ್ಟುಕೊಡುವುದು ಸುಲಭ. ನಾಳೆ ಏನಾದರೂ ಆದರೆ ದಾಖಲೆಯಲ್ಲಿ ಇರುವುದು ನಿಮ್ಮ ಹೆಸರು. ಹೇಳಿಕೊಡುವವರು ಪಕ್ಕದಲ್ಲಿ ನಿಂತು ಬಾಯಲ್ಲಿ ಹೇಳಲಿ, ಕೀಬೋರ್ಡ್ ಮೇಲೆ ನಿಮ್ಮ ಕೈಯೇ ಇರಲಿ. ಕೈಗೆ ಅಭ್ಯಾಸ ಆಗುವುದೂ ಹಾಗೇ. ಎರಡನೆಯದು, ಸಾಮಾನ್ಯವಾಗಿ ತರಬೇತಿಗೆ ಅಂತಲೇ ಬೇರೆ ಸರ್ವರ್ ಇರುತ್ತದೆ, ಅದರಲ್ಲಿ ನಿಜವಾದ ದುಡ್ಡು ಓಡುವುದಿಲ್ಲ. ನಿಮ್ಮ ಮ್ಯಾನೇಜರ್ ಹತ್ತಿರ ಅದರ ಲಾಗಿನ್ ಕೇಳಿ. ಮೂರನೆಯದು, ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡು ನಿಮ್ಮದೇ ಮಾತಿನಲ್ಲಿ ಕನ್ನಡದಲ್ಲಿ ಬರೆದುಕೊಳ್ಳಿ. ನಮ್ಮ ಹಿರಿಯರೊಬ್ಬರು ‘ಎಫ್‌ಡಿ ಮುರಿಯುವಾಗ ಮೊದಲು ಇದು, ಆಮೇಲೆ ಇದು’ ಅಂತ ಬರೆದಿಟ್ಟಿದ್ದಾರೆ. ಈಗ ಹೊಸದಾಗಿ ಬಂದವರೂ ಅದನ್ನೇ ಫೋಟೋ ಹೊಡೆದುಕೊಳ್ಳುತ್ತಾರೆ.

ಮಂಡ್ಯದ_ಮಗಳು

ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಬ್ಯಾಂಕುಗಳಿಗೆ ಸಾಫ್ಟ್‌ವೇರ್ ಮಾಡುವ ತಂಡದಲ್ಲಿ ಕೆಲವು ವರ್ಷ ಇದ್ದೆ. ಅಕ್ಕನವರ ಆ ‘ಎಚ್’ ಓದಿ ಮನಸ್ಸಿಗೆ ಚುಚ್ಚಿತು.

ನಾವು ಪರೀಕ್ಷೆ ಮಾಡುವಾಗ ಬ್ಯಾಂಕಿನ ಕಡೆಯಿಂದ ಬಂದವರು ಹೆಡ್ ಆಫೀಸಿನವರು. ಒಳ್ಳೆಯವರು, ಬುದ್ಧಿವಂತರು. ಆದರೆ ಅವರ ಎದುರಿಗೆ ಕ್ಯೂ ಇರಲಿಲ್ಲ. ಒಂದು ಸ್ಕ್ರೀನಿನಿಂದ ಇನ್ನೊಂದಕ್ಕೆ ಹೋಗಲು ನಾಲ್ಕು ಕ್ಲಿಕ್ ಜಾಸ್ತಿ ಆದರೆ ಅವರಿಗೆ ತೊಂದರೆ ಅನ್ನಿಸಲಿಲ್ಲ. ದಿನಕ್ಕೆ ನೂರೈವತ್ತು ಸಲ ಅದನ್ನೇ ಮಾಡುವವರಿಗೆ ಅದು ಆರುನೂರು ಕ್ಲಿಕ್. ಸಣ್ಣ ಊರಿನ ಶಾಖೆಗೆ ಹೋಗಿ, ಕ್ಯಾಷ್ ಕೌಂಟರ್ ಹಿಂದೆ ಒಂದು ದಿನ ಕೂತು ನೋಡಿ ಅಂತ ನಮಗೆ ಯಾರೂ ಹೇಳಲಿಲ್ಲ. ನಾವೂ ಕೇಳಲಿಲ್ಲ. ಕೇಳಬೇಕಿತ್ತು.

ನನಗೀಗ 41. ಕೋಡ್ ಬರೆಯುವ ಎಐ ನಮ್ಮ ಆಫೀಸಿಗೂ ಬಂದಿದೆ. ನನಗಿಂತ ಹದಿನೈದು ವರ್ಷ ಚಿಕ್ಕವರು ಅದನ್ನು ನೀರು ಕುಡಿದ ಹಾಗೆ ಬಳಸುತ್ತಾರೆ. ಮೀಟಿಂಗ್‌ನಲ್ಲಿ ‘ನೀವು ಇನ್ನೂ ಟ್ರೈ ಮಾಡಿಲ್ವಾ?’ ಅಂತ ಕೇಳಿದಾಗ ನನ್ನ ಮುಖ ಸಣ್ಣದಾಯಿತು. ಆ ಪಿಂಚಣಿದಾರರ ಮಾತು ನಿಮಗೆ ತಾಗಿದ್ದು ಹೇಗೆ ಅಂತ ನನಗೆ ಪೂರ್ತಿ ಗೊತ್ತು.

ಕೌಂಟರ್_ಮೂರು

ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಎಲ್ಲವನ್ನೂ ಎರಡು ಸಲ ಓದಿದೆ.

ಮೊದಲು ‘ನೇರಮಾತು’ ಅವರಿಗೆ. ನಿಮ್ಮ ತಾಯಿಯವರನ್ನು ಅಷ್ಟು ಹೊತ್ತು ನಿಲ್ಲಿಸಿದ್ದು ತಪ್ಪೇ. ಅಂಥ ಅಮ್ಮಂದಿರು ನನ್ನ ಕೌಂಟರ್ ಮುಂದೆಯೂ ನಿಲ್ಲುತ್ತಾರೆ. ನಿಂತಾಗ ನನಗೆ ಕೈಕಾಲು ಆಡುವುದಿಲ್ಲ. ಆದರೆ ನನಗೆ ಕಲಿಯಲು ಮನಸ್ಸಿಲ್ಲ ಅಂತ ದಯವಿಟ್ಟು ತಿಳಿಯಬೇಡಿ. ಒಂದು ಉದಾಹರಣೆ ಹೇಳುತ್ತೇನೆ.

ನಮ್ಮ ಕಡೆ ಅಡಿಕೆ ಸುಲಿಯುವ ಹೆಂಗಸರು ಬಹಳ. ಸೀಸನ್‌ನಲ್ಲಿ ಮೆಟ್ಟುಗತ್ತಿ ಮುಂದೆ ಕೂತರೆ ರಾತ್ರಿ ತನಕ ಕೂತಿರುತ್ತಾರೆ. ಹಸಿ ಅಡಿಕೆಯ ಚೊಗರಿಗೆ ಬೆರಳೆಲ್ಲ ಕಪ್ಪು, ತುದಿಯ ಗೆರೆಗಳು ಸವೆದು ನುಣ್ಣಗೆ. ಗೃಹಲಕ್ಷ್ಮಿಯ 2000 ರೂಪಾಯಿ ತೆಗೆಯಲು ಬಂದಾಗ ಹೆಬ್ಬೆಟ್ಟಿನ ಮಿಷನ್ ಅವರ ಬೆರಳನ್ನು ಓದುವುದಿಲ್ಲ. ಕೆಂಪು ದೀಪ. ಮತ್ತೆ ಕೆಂಪು ದೀಪ. ಆಧಾರ್ ಅವರದೇ, ಖಾತೆ ಅವರದೇ, ಎದುರಿಗೆ ಅವರೇ ನಿಂತಿದ್ದಾರೆ. ಮಿಷನ್ ಮಾತ್ರ ಅಲ್ಲ ಅನ್ನುತ್ತದೆ. ಒಬ್ಬರಂತೂ ‘ನಾನು ಸತ್ತೋಗಿದೀನಿ ಅಂತ ಇದೆಯಾ ಅದ್ರಲ್ಲಿ?’ ಅಂತ ಗಾಬರಿಯಿಂದ ಕೇಳಿದರು.

ಆ ಮಿಷನ್ ಬಂದಾಗ ಯಾರೂ ನಮಗೆ ಏನೂ ಹೇಳಿಕೊಡಲಿಲ್ಲ. ನಾನೇ ಕಂಡುಕೊಂಡೆ. ಹೆಬ್ಬೆರಳು ಬಿಟ್ಟು ಉಂಗುರ ಬೆರಳು ಇಡಿಸಿದರೆ ಎಷ್ಟೋ ಸಲ ಆಗುತ್ತದೆ, ಸುಲಿಯುವಾಗ ಆ ಬೆರಳಿಗೆ ಕೆಲಸ ಕಮ್ಮಿ. ಎಡಗೈ ಇನ್ನೂ ಒಳ್ಳೆಯದು. ಒದ್ದೆ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿಸದೆ, ಸ್ವಲ್ಪ ತೇವ ಇದ್ದಾಗಲೇ ಇಡಿಸಬೇಕು. ಗಾಜನ್ನೂ ಪ್ರತಿ ಸಲ ಒರೆಸಬೇಕು. ಇದಕ್ಕೆ ಅಂತಲೇ ನನ್ನ ಡ್ರಾಯರ್‌ನಲ್ಲಿ ಎರಡು ಹತ್ತಿ ಬಟ್ಟೆ ಇಟ್ಟಿದ್ದೇನೆ, ಒಂದು ಒದ್ದೆ, ಒಂದು ಒಣ. ಇಷ್ಟೆಲ್ಲ ಮಾಡಿದರೂ ಆಗದಿದ್ದರೆ ವಿತ್‌ಡ್ರಾವಲ್ ಸ್ಲಿಪ್ ಬರೆದು ಕೊಡಲು ದಾರಿ ಇದೆ, ಅದನ್ನು ಮಾಡುತ್ತೇನೆ. ಯಾರನ್ನೂ ಬರಿಗೈಯಲ್ಲಿ ಕಳಿಸಿಲ್ಲ.

ಅಂದರೆ ನನಗೆ ಮಿಷನ್ ಆಗದು ಅಂತಲ್ಲ. ಇದನ್ನು ಕಲಿತಿದ್ದು ಹೇಗೆ ಅಂತ ನಿನ್ನೆ ರಾತ್ರಿ ಯೋಚಿಸಿದೆ. ಆ ಹೆಂಗಸರು ಮಧ್ಯಾಹ್ನ ಬರುತ್ತಿದ್ದರು, ಜನ ಕಮ್ಮಿ ಇರುವಾಗ. ಅವರಿಗೂ ಅವಸರ ಇರಲಿಲ್ಲ, ನನಗೂ ಇರಲಿಲ್ಲ. ಇಬ್ಬರೂ ಸೇರಿ ಒಂದೊಂದೇ ಬೆರಳು ಇಟ್ಟು ನೋಡಿದೆವು. ‘ಹಳೇಲೆಡ್ಜರ್’ ಸರ್ ಹೇಳಿದ್ದು ಅದೇ ಅಲ್ವಾ? ತಪ್ಪಿದರೂ ಪರವಾಗಿಲ್ಲ ಅನ್ನುವಷ್ಟು ಸಮಯ. ನನಗೆ ಬೇಕಿರುವುದು ಅದೊಂದೇ. ನೂರು ಕಣ್ಣಿನ ಎದುರಿಗೆ ಕಲಿಸಬೇಡಿ. ಬಾಗಿಲು ತೆರೆಯುವ ಮುಂಚೆ ಕಲಿಸಿ.

ಪಿಒ ತಮ್ಮಾ, ನೀನು ಪಾಸ್‌ವರ್ಡ್ ಬಗ್ಗೆ ಬರೆದಿದ್ದು ನನಗೆ ಸರಿಯಾಗಿ ತಾಗಿತು. ಹೋದ ವಾರ ನಿಜಕ್ಕೂ ಕೊಟ್ಟುಬಿಡುವವಳಿದ್ದೆ. ಇನ್ನು ಆ ಯೋಚನೆಯನ್ನೇ ಮಾಡುವುದಿಲ್ಲ. ನಾಳೆ ಮ್ಯಾನೇಜರ್ ಹತ್ತಿರ ಹೋಗಿ ತರಬೇತಿ ಸರ್ವರ್ ಕೇಳುತ್ತೇನೆ.

ನೇರಮಾತು

ಮೇಡಂ, ವಿಆರ್‌ಎಸ್ ಅಂದಿದ್ದು ಸರಿ ಹೋಗಲಿಲ್ಲ. ಕ್ಷಮಿಸಿ. ಅಮ್ಮನಿಗೆ ನಿಮ್ಮ ಬೆರಳಿನ ಕಥೆ ಓದಿ ಹೇಳಿದೆ. ಅವರು ಟೈಲರಿಂಗ್ ಮಾಡುತ್ತಿದ್ದವರು. ಅವರ ಹೆಬ್ಬೆಟ್ಟೂ ಮಿಷನ್‌ನಲ್ಲಿ ಬರುವುದಿಲ್ಲ. ರೇಷನ್ ಅಂಗಡಿಯಲ್ಲಿ ಪ್ರತಿ ತಿಂಗಳು ಇದೇ ಗೋಳು. ಇನ್ನು ಮೇಲೆ ಎಡಗೈ ಉಂಗುರ ಬೆರಳು ಇಟ್ಟು ನೋಡುತ್ತೇವೆ.

ಹಳೇಲೆಡ್ಜರ್

ತಂಗಿ, ಮ್ಯಾನೇಜರ್ ಹತ್ತಿರ ಬಾಯಲ್ಲಿ ಕೇಳಿದ ಮೇಲೆ ಒಂದು ಮೇಲ್ ಕೂಡ ಹಾಕಿ. ಎರಡೇ ಸಾಲು ಸಾಕು. ಬರೆದದ್ದಕ್ಕೆ ಉತ್ತರ ಬರುತ್ತದೆ.

ಕೌಂಟರ್_ಮೂರು

ಮೂರು ವಾರ ಆಯಿತು. ಏನಾಯಿತು ಅಂತ ಹೇಳಬೇಕು ಅನ್ನಿಸಿತು.

ಸರ್ ಹೇಳಿದ ಹಾಗೆ ಮೇಲ್ ಹಾಕಿದೆ. ನಮ್ಮ ಮ್ಯಾನೇಜರ್ ಉತ್ತರ ಭಾರತದವರು, ಕನ್ನಡ ಈಗ ಕಲಿಯುತ್ತಿದ್ದಾರೆ. ಕರೆದು ಕೂರಿಸಿ, ‘ಮೇಡಂ, ಕನ್ನಡ ಕಲಿಯೋದಿಕ್ಕೆ ನನಗೂ ಹೀಗೇ ಭಯ ಆಗ್ತದೆ, ಕಸ್ಟಮರ್ ಮುಂದೆ ಬಾಯಿ ಬರಲ್ಲ’ ಅಂದರು. ಅದನ್ನು ನಾನು ನಿರೀಕ್ಷಿಸಿರಲಿಲ್ಲ. ಮಂಗಳವಾರ ಮತ್ತು ಗುರುವಾರ ಒಂಬತ್ತೂವರೆಯಿಂದ ಹತ್ತರವರೆಗೆ ತರಬೇತಿ ಸರ್ವರ್ ಹಾಕಿಕೊಡುತ್ತಿದ್ದಾರೆ. ನಾನು, ಇನ್ನೊಬ್ಬ ಕ್ಲರ್ಕ್, ಕಡತ ನೋಡಿಕೊಳ್ಳುವ ನಮ್ಮ ದಫ್ತರಿ ಮೂವರೂ ಕೂರುತ್ತೇವೆ. ಅರ್ಧ ಗಂಟೆ ಬಹಳ ಕಮ್ಮಿ. ಒಂದು ದಿನ ನೆಟ್‌ವರ್ಕ್ ಇರಲಿಲ್ಲ, ಆ ದಿನ ಹೋಯಿತು. ಆದರೂ ಭಾನುವಾರ ಸಂಜೆಯ ಹೊಟ್ಟೆ ಸಂಕಟ ಸ್ವಲ್ಪ ಇಳಿದಿದೆ. ಪೂರ್ತಿ ಹೋಗಿಲ್ಲ.

ನೋಟ್‌ಬುಕ್ ಶುರು ಮಾಡಿದ್ದೇನೆ. ಹದಿನಾಲ್ಕು ಪುಟ ಆಗಿದೆ. ಮೊದಲ ಪುಟದಲ್ಲಿ ದೊಡ್ಡದಾಗಿ ‘ಎಚ್’.

ನಿನ್ನೆ ಒಬ್ಬ ಅಜ್ಜ ಬಂದಿದ್ದರು. ಪೇಪರ್‌ನಲ್ಲಿ ಓದಿದ್ದರಂತೆ, ಈಗ ನಾಲ್ವರ ಹೆಸರು ಹಾಕಬಹುದು ಅಂತ. ಅವರಿಗೆ ಮೂವರು ಹೆಣ್ಣುಮಕ್ಕಳು. ‘ಮೂವರಿಗೂ ಸಮ ಹಾಕಿ ತಾಯಿ, ಆಮೇಲೆ ಜಗಳ ಬೇಡ’ ಅಂದರು. ಆ ಸ್ಕ್ರೀನನ್ನು ಮಂಗಳವಾರವಷ್ಟೇ ಮಾಡಿ ನೋಡಿದ್ದೆ. ಎದ್ದು ಯಾರನ್ನೂ ಕೇಳಲಿಲ್ಲ. ಮೂವರ ಹೆಸರು ಹಾಕಿ, 33, 33, 33 ಹೊಡೆದೆ. ಮುಂದಕ್ಕೆ ಹೋಗಲಿಲ್ಲ. ಒಂದು ಕ್ಷಣ ಹಳೆಯ ಭಯ ಬಂತು. ಆಮೇಲೆ ಹೊಳೆಯಿತು. ಒಟ್ಟು ನೂರು ಆಗಬೇಕು, 99 ಆಗಿದೆ.

ಅಜ್ಜನಿಗೆ ಹೇಳಿದೆ, ‘ಅಜ್ಜ, ಒಂದು ಉಳಿಯುತ್ತದೆ. ಅದನ್ನು ಒಬ್ಬರಿಗೆ ಸೇರಿಸಬೇಕು. ಯಾರಿಗೆ ಹಾಕಲಿ?’

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಹಿಂದೆ ನಾಲ್ಕು ಜನ ನಿಂತಿದ್ದರು. ನಾನು ಅವಸರ ಮಾಡಲಿಲ್ಲ. ಆಮೇಲೆ ಅವರು ಮುಂದೆ ಬಗ್ಗಿ, ಹಿಂದಿನವರಿಗೆ ಕೇಳಿಸದ ಹಾಗೆ, ‘ನಡುವಿನವಳಿಗೆ ಹಾಕಿ. ನನ್ನ ಬಟ್ಟೆ ಒಗೆಯೋಳು ಅವಳೇ’ ಅಂದರು.